ಎರಡನೇ ಆಯ್ಕೆ

ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ನಮ್ಮ ಲ್ಯಾಬಿನಲ್ಲಿ ಒಂದು ಬೆಳಗ್ಗೆ ಯಾರೂ ಕೆಲಸ ಮಾಡುವುದಿಲ್ಲ. ಮಣ್ಣಿನ ಸ್ಯಾಂಪಲ್ಲುಗಳು ಒಲೆಯಲ್ಲಿ ಒಣಗುತ್ತಿರುತ್ತವೆ, ತಕ್ಕಡಿಯ ಮೇಲೆ ಯಾರೋ ಅರ್ಧಕ್ಕೆ ಬಿಟ್ಟುಹೋದ ತವರದ ಬಟ್ಟಲು ಇರುತ್ತದೆ. ಎಲ್ಲರ ಕಣ್ಣು ಫೋನಿನ ಮೇಲೆ. ಊರಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ದಿನ ಸೈಬರ್ ಕೆಫೆಯ ಮುಂದೆ ನಿಂತಿದ್ದೆವಲ್ಲ, ಹಾಗೆ. ಅವತ್ತು ಬರುವುದು ಬೇಟೆಯ ಲಾಟರಿಯ ಫಲಿತಾಂಶ. ನಾಲ್ಕು ವರ್ಷ ನಾನೂ ಆ ಸಾಲಿನಲ್ಲಿ ನಿಂತಿದ್ದೇನೆ. ನಾಲ್ಕು ಸಲವೂ ನನ್ನ ಮೊದಲ ಆಯ್ಕೆಯ ಎದುರು 'ಸಿಗಲಿಲ್ಲ' ಎಂದೇ ಬಂತು. ಕೆಳಗೆ ಸಮಾಧಾನಕ್ಕೆಂಬಂತೆ ಇನ್ನೊಂದು ಸಾಲು: ನಿಮ್ಮ ಖಾತೆಗೆ ಒಂದು ಪಾಯಿಂಟ್ ಸೇರಿಸಲಾಗಿದೆ.

ನಾನಿರುವುದು ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಹುಲ್ಲುಗಾವಲಿನ ಮಣ್ಣಿನಲ್ಲಿ ಇಂಗಾಲ ಎಷ್ಟು ಕಾಲ ಉಳಿಯುತ್ತದೆ ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಊರಿನ ಪಶ್ಚಿಮಕ್ಕೆ ರಾಕಿ ಪರ್ವತ. ಅಲ್ಲಿ ಎಲ್ಕ್ ಎಂಬ ಜಿಂಕೆಗಳಿವೆ. ನಮ್ಮ ಕಡವೆಯ ದಾಯಾದಿ ಅನ್ನಬಹುದು, ಮೈಕಟ್ಟಿನಲ್ಲಿ ಇನ್ನೂ ದೊಡ್ಡದು. ಈ ರಾಜ್ಯದಲ್ಲಿ ಅವು ಮೂರು ಲಕ್ಷದ ಹತ್ತಿರ ಇವೆ, ಅಮೆರಿಕದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಇಪ್ಪತ್ತನೇ ಶತಮಾನದ ಶುರುವಿಗೆ ಹೊಡೆದು ಹೊಡೆದು ಮುಗಿಸಿಯೇಬಿಟ್ಟಿದ್ದರು. ಆಮೇಲೆ ಪಕ್ಕದ ವಯೋಮಿಂಗ್‌ನಿಂದ ತಂದು ಬಿಟ್ಟು ಬೆಳೆಸಿದರು. ಈಗ ಕಾಡನ್ನೆಲ್ಲ ನಂಬರು ಕೊಟ್ಟ ಯೂನಿಟ್‌ಗಳಾಗಿ ಹಂಚಿ, ಯಾವ ಯೂನಿಟ್‌ನಲ್ಲಿ, ಯಾವ ವಾರ, ಗಂಡೆಷ್ಟು, ಹೆಣ್ಣೆಷ್ಟು ಎಂದು ಪ್ರತಿವರ್ಷ ಲೆಕ್ಕ ಹಾಕುತ್ತಾರೆ. ಒಂದು ಪ್ರಾಣಿಗೆ ಒಂದು ಚೀಟಿ. ಅದೇ ಟ್ಯಾಗ್. ಪ್ರಾಣಿ ಬಿದ್ದ ಮೇಲೆ ಅದಕ್ಕೆ ಸಹಿ ಹಾಕಿ, ತಾರೀಕು ಬರೆದು, ಮಾಂಸಕ್ಕೆ ಕಟ್ಟಿಯೇ ಕಾಡಿನಿಂದ ಹೊರಗೆ ತರಬೇಕು. ಟ್ಯಾಗ್ ಕಡಿಮೆ, ಕೇಳುವವರು ಜಾಸ್ತಿ, ಆದ್ದರಿಂದ ಲಾಟರಿ.

ಮಣ್ಣು ತೂಗುವ ಹುಡುಗಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಜ್ಜಯ್ಯನ ಒಂಟಿನಳಿಗೆಯ ಕೋವಿ ನಡುಮನೆಯ ಗೋಡೆಯ ಮೇಲಿತ್ತು, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇದ್ದದ್ದು. ನನಗೆ ನೆನಪಿರುವ ಹಾಗೆ ಅದು ಮನೆಯಲ್ಲಿ ಇದ್ದದ್ದಕ್ಕಿಂತ ಪೊಲೀಸ್ ಠಾಣೆಯಲ್ಲಿ ಇದ್ದದ್ದೇ ಹೆಚ್ಚು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಅಂತ ಯಾವ ಚುನಾವಣೆ ಬಂದರೂ ಕೋವಿ ಠಾಣೆಗೆ ಒಪ್ಪಿಸಬೇಕು, ರಸೀದಿ ತರಬೇಕು, ಮುಗಿದ ಮೇಲೆ ಹೋಗಿ ಬಿಡಿಸಿಕೊಳ್ಳಬೇಕು. ಅಜ್ಜಯ್ಯನ ಕಾಲದ ಶಿಕಾರಿಯ ಕತೆಗಳಷ್ಟೇ ನಮಗೆ ಸಿಕ್ಕಿದ್ದು. ಹಂದಿ ಬಿದ್ದರೆ ಅಂಗಳದಲ್ಲಿ ಬಾಳೆಲೆ ಹಾಸಿ ಪಾಲು ಹಾಕುತ್ತಿದ್ದರಂತೆ. ಗುಂಡು ಹೊಡೆದವನಿಗೆ, ಸೋವಿಗೆ ಹೋದವರಿಗೆ, ಹೊತ್ತು ತಂದವರಿಗೆ, ಕೊನೆಗೆ ನಾಯಿಗೂ ಒಂದು ಪಾಲು. 1972ರ ವನ್ಯಜೀವಿ ಕಾಯ್ದೆ ಬಂದಾಗಲೂ ಬೇಟೆ ಪೂರ್ತಿ ನಿಂತಿರಲಿಲ್ಲ. ಮೂಲ ಕಾಯ್ದೆಯಲ್ಲಿ ಸಣ್ಣ ಬೇಟೆಗೆ, ದೊಡ್ಡ ಬೇಟೆಗೆ ಬೇರೆಬೇರೆ ಲೈಸೆನ್ಸುಗಳೇ ಇದ್ದವು. 1991ರ ತಿದ್ದುಪಡಿ ಅವನ್ನೆಲ್ಲ ತೆಗೆದುಹಾಕಿತು. ನಾನು ಹುಟ್ಟುವಷ್ಟರಲ್ಲಿ ನಮ್ಮ ಕಡೆ ಶಿಕಾರಿ ಅನ್ನುವುದು ಒಂದೋ ಕತೆ, ಇಲ್ಲವೇ ಕೇಸು.

ಹಾಗಾಗಿ ನಮ್ಮ ಲ್ಯಾಬ್ ಮ್ಯಾನೇಜರ್ ಮೊದಲ ಚಳಿಗಾಲದಲ್ಲಿ ಮನೆಗೆ ಊಟಕ್ಕೆ ಕರೆದು ಎಲ್ಕ್ ಮಾಂಸ ಬಡಿಸಿದಾಗ ನನಗೆ ರುಚಿಗಿಂತ ಹೆಚ್ಚಾಗಿ ಒಂಥರಾ ಹೊಟ್ಟೆಕಿಚ್ಚಾಯಿತು. ಆತನಿಗೆ ಅರವತ್ತು ದಾಟಿದೆ, ಮೊಣಕಾಲು ಎರಡೂ ಸರಿಯಿಲ್ಲ. ನಮ್ಮ ಅಪ್ಪನಿಗಿಂತ ದೊಡ್ಡವನನ್ನು ಹೆಸರು ಹಿಡಿದು ಕರೆಯಲು ನನಗೆ ವರ್ಷ ಹಿಡಿಯಿತು. "ನೀನೂ ಅರ್ಜಿ ಹಾಕು, ಆರು ತಿಂಗಳು ಇಲ್ಲಿ ಓದಿದರೆ ನಿನಗೂ ಇಲ್ಲಿಯವರ ದರವೇ" ಅಂದ. ಇಲ್ಲಿಯವರ ದರ ಎಂದರೆ ಎಲ್ಕ್ ಟ್ಯಾಗಿಗೆ ಅರವತ್ತು ಡಾಲರಿನ ಆಸುಪಾಸು. ಹೊರರಾಜ್ಯದವರು ಅದಕ್ಕೆ ಹತ್ತುಪಟ್ಟಿಗೂ ಹೆಚ್ಚು ಕೊಡಬೇಕು.

ಮೊದಲು ಬೇಟೆಯ ಪಾಠಕ್ಕೆ ಹೋಗಬೇಕಿತ್ತು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಯಾರೇ ಆದರೂ ಈ ರಾಜ್ಯದಲ್ಲಿ ಆ ಪರೀಕ್ಷೆ ಪಾಸಾಗದೆ ಲೈಸೆನ್ಸ್ ಕೊಳ್ಳುವಂತಿಲ್ಲ. ಕ್ಲಾಸಿನಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳು, ಅವರ ಅಪ್ಪಂದಿರು, ಮತ್ತು ನಾನು. ನನಗೆ ಇನ್ನೊಂದು ಕಟ್ಟಲೆಯೂ ಇತ್ತು. ನನ್ನಂತೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಈ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯ್ತಿ. ಎಂದರೆ ಮೂವತ್ತು ಚಿಲ್ಲರೆ ಡಾಲರಿನ ಸಣ್ಣ ಬೇಟೆಯ ಲೈಸೆನ್ಸ್ ಕಿಸೆಯಲ್ಲಿದ್ದರೆ ನಾನು ಕಾನೂನುಬದ್ಧ, ಮನೆಯಲ್ಲಿ ಮರೆತು ಬಂದರೆ ಏನೆಂದು ಯೋಚಿಸಲೂ ಭಯ. ಅದನ್ನು ಪಾಸ್‌ಪೋರ್ಟಿನ ಜೊತೆಗೇ ಇಡುತ್ತೇನೆ.

ಅಜ್ಜಿಗೆ ಫೋನಿನಲ್ಲಿ ಹೇಳಿದೆ. "ನಮ್ಮನೇಲಿ ಹೆಂಗಸ್ರು ಕೋವಿ ತೂಗೋ ಗೂಟಕ್ಕೆ ಒದ್ದೆ ಬಟ್ಟೆನೂ ಹಾಕ್ತಿರ್ಲಿಲ್ಲ ಮಾರಾಯ್ತಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ನಾಯಿ ಯಾರದ್ದು?" ಎಂದು ಕೇಳಿದಳು. ಎಲ್ಕ್ ಬೇಟೆಗೆ ಇಲ್ಲಿ ನಾಯಿ ಬಿಡುವಂತಿಲ್ಲ ಅಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ.

ಈಗ ಪಾಯಿಂಟಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಜಗಳವಿರುವುದು ಇದರೊಂದಿಗೆ. ಏಪ್ರಿಲ್ ಮೊದಲ ಮಂಗಳವಾರ ರಾತ್ರಿ ಎಂಟಕ್ಕೆ ಅರ್ಜಿ ಮುಗಿಯುತ್ತದೆ. ಮೊದಲ ಆಯ್ಕೆ ಸಿಗದಿದ್ದರೆ ನಿಮಗೊಂದು ಪಾಯಿಂಟ್. ಮುಂದಿನ ವರ್ಷ ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲು ಟ್ಯಾಗ್. ಕೇಳಲು ಎಷ್ಟು ನ್ಯಾಯವಾಗಿದೆ! ಕಾದವರಿಗೆ ಮೊದಲ ಮಣೆ. ಎಲ್ಲರೂ ಲಾಟರಿ ಎಂದೇ ಕರೆದರೂ ಒಳ್ಳೆಯ ಯೂನಿಟ್‌ಗಳಲ್ಲಿ ಇದು ಹೆಚ್ಚುಕಡಿಮೆ ಸರದಿ ಸಾಲು. ರೇಷನ್ ಅಂಗಡಿಯ ಸಾಲಿನಂತೆ, ನಿಂತರೆ ಒಂದು ಹೊತ್ತಿಗೆ ಸಿಗಲೇಬೇಕು.

ಸಿಗುವುದಿಲ್ಲ. ಒಂದು ಯೂನಿಟ್‌ನಲ್ಲಿ ವರ್ಷಕ್ಕೆ ಹತ್ತು ಟ್ಯಾಗ್ ಎಂದಿಟ್ಟುಕೊಳ್ಳಿ. ಸಾಲಿನ ಎಲ್ಲಕ್ಕಿಂತ ಮುಂದೆ, ಸಮಾನ ಪಾಯಿಂಟ್ ಇರುವವರು ಇನ್ನೂರು ಜನ. ಈ ವರ್ಷ ಹತ್ತು ಜನರಿಗೆ ಸಿಕ್ಕಿತು. ಉಳಿದ ನೂರತೊಂಬತ್ತು ಜನರ ಪಾಯಿಂಟ್ ಮುಂದಿನ ವರ್ಷ ಒಂದೊಂದು ಏರಿತು. ಅಂದರೆ ಟ್ಯಾಗಿಗೆ ಬೇಕಾದ ಪಾಯಿಂಟೂ ಒಂದು ಏರಿತು. ಅವರ ಹಿಂದಿರುವ ಸಾವಿರಾರು ಜನರೂ ಒಂದೊಂದು ಮೆಟ್ಟಿಲು ಹತ್ತಿದರು, ಗುರಿಯೂ ಅಷ್ಟೇ ಮೇಲೆ ಹೋಯಿತು. ಇದಕ್ಕಿಲ್ಲಿ 'ಪಾಯಿಂಟ್ ಕ್ರೀಪ್' ಅನ್ನುತ್ತಾರೆ. ರಾಜ್ಯದ ವಾಯವ್ಯ ಮೂಲೆಯ ಕೆಲವು ಹೆಸರಾಂತ ಯೂನಿಟ್‌ಗಳಲ್ಲಿ ಗಂಡು ಎಲ್ಕ್‌ಗೆ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಬೇಕು. ಲ್ಯಾಬ್ ಮ್ಯಾನೇಜರ್ ಹಾಗೆ ಕಾಯುತ್ತಿರುವವನೇ. ಆತ ಸಾಲಿಗೆ ಸೇರಿದಾಗ ನಾನು ಒಂದನೇ ಕ್ಲಾಸಿನಲ್ಲಿದ್ದೆ. ನಾನು ಬಂದಾಗ "ಇನ್ನೆರಡು ವರ್ಷ" ಎನ್ನುತ್ತಿದ್ದ. ಎರಡು ವರ್ಷ ಕಳೆದ ಮೇಲೂ "ಇನ್ನೆರಡು ವರ್ಷ" ಎಂದೇ ಹೇಳಿದ. ಈ ಪಾಯಿಂಟುಗಳನ್ನು ಮಾರುವಂತಿಲ್ಲ, ಮಕ್ಕಳಿಗೆ ಬಿಟ್ಟುಹೋಗುವಂತಿಲ್ಲ. ಮನುಷ್ಯ ಹೋದರೆ ಪಾಯಿಂಟೂ ಹೋಯಿತು.

ಎರಡನೇ ವರ್ಷದ ಫಲಿತಾಂಶ ಬಂದ ರಾತ್ರಿ ನಾನೊಂದು ಸಣ್ಣ ಲೆಕ್ಕ ಹಾಕಿದೆ. ಪ್ರಬಂಧ ಬರೆಯುವುದನ್ನು ಮುಂದೂಡಲು ಸಂಶೋಧನಾ ವಿದ್ಯಾರ್ಥಿಗಳು ಇಂಥ ಲೆಕ್ಕಗಳನ್ನು ತುಂಬ ಶ್ರದ್ಧೆಯಿಂದ ಹಾಕುತ್ತಾರೆ. ನನ್ನ ಬಳಿ ಎರಡು ಪಾಯಿಂಟ್. ವೀಸಾ ಐದು ವರ್ಷದ್ದು, ಹೆಚ್ಚೆಂದರೆ ಓದಿಗಾಗಿ ಒಂದೆರಡು ವರ್ಷ ಎಳೆಯಬಹುದು. ಇಪ್ಪತ್ತೆರಡನೇ ಪಾಯಿಂಟಿಗೆ ನನಗೆ ಐವತ್ತರ ಹತ್ತಿರ ವಯಸ್ಸಾಗಿರುತ್ತದೆ, ಎಲ್ಲಿರುತ್ತೇನೋ ಗೊತ್ತಿಲ್ಲ. ಆ ಹೊತ್ತಿಗೆ ಬೇಕಾಗುವುದು ಇಪ್ಪತ್ತೆರಡಲ್ಲ, ಮೂವತ್ತೋ ಮೂವತ್ತೈದೋ. ಅಲ್ಲಿಯವರೆಗೆ ವರ್ಷವರ್ಷವೂ ಅರ್ಜಿಯ ಶುಲ್ಕ, ಅದಕ್ಕೆ ಮೊದಲು ಕೊಳ್ಳಲೇಬೇಕಾದ ಲೈಸೆನ್ಸ್, ಅದರ ಮೇಲೊಂದು ಆವಾಸಸ್ಥಾನದ ಸ್ಟ್ಯಾಂಪು. ಯಾವುದೂ ದೊಡ್ಡ ಮೊತ್ತವಲ್ಲ, ಆದರೆ ಸ್ಟೈಪೆಂಡಿನಲ್ಲಿ ಬದುಕುವವಳಿಗೆ ಒಟ್ಟು ಸೇರಿ ಎರಡು ವಾರದ ದಿನಸಿ. ಸಾಲಿನಲ್ಲಿ ನಿಲ್ಲಲು ಬೇಕಾದದ್ದು ತಾಳ್ಮೆ ಎಂದುಕೊಂಡಿದ್ದೆ. ಬೇಕಾದದ್ದು ಇಲ್ಲಿಯೇ ಉಳಿಯುವ ಹಕ್ಕು. ಅದು ಇದ್ದವರಿಗೆ ಮಾತ್ರ ತಾಳ್ಮೆ ಪುಣ್ಯ ಕೊಡುತ್ತದೆ.

ದುಡ್ಡಿದ್ದವರು ಕಾಯುವುದೂ ಇಲ್ಲ. ದೊಡ್ಡ ಜಮೀನಿನ ಒಡೆಯರಿಗೆಂದು ಒಂದಷ್ಟು ಟ್ಯಾಗ್ ಮೀಸಲು, ಅದರ ವೋಚರನ್ನು ಅವರು ಬೇರೆಯವರಿಗೆ ಮಾರಬಹುದು. ಒಳ್ಳೆಯ ಯೂನಿಟ್‌ನದಕ್ಕೆ ಸಾವಿರಾರು ಡಾಲರ್. ಕಾಡುಕುರಿಯ ಒಂದೊಂದು ಟ್ಯಾಗನ್ನು ಕೆಲವು ರಾಜ್ಯಗಳು ಹರಾಜಿಗೇ ಇಡುತ್ತವೆ. 2013ರಲ್ಲಿ ಮೊಂಟಾನಾ ರಾಜ್ಯದ ಒಂದು ಟ್ಯಾಗ್ 4,80,000 ಡಾಲರಿಗೆ ಹೋಯಿತು. ಬೈಯಲು ಬಾಯಿ ತೆರೆದರೆ ಲ್ಯಾಬ್ ಮ್ಯಾನೇಜರ್ ತಡೆಯುತ್ತಾನೆ. ಆ ದುಡ್ಡು ಕಾಡುಕುರಿಗಳಿಗೇ ಹೋಗುತ್ತದೆ ಎನ್ನುತ್ತಾನೆ. ಅದೂ ಸುಳ್ಳಲ್ಲ. ಈ ದೇಶದಲ್ಲಿ ರೈಫಲ್ಲು, ತೋಟಾಗಳ ಮೇಲೆ ಶೇಕಡ 11ರ ತೆರಿಗೆಯಿದೆ, 1937ರ ಕಾಯ್ದೆಯಂತೆ ಅದನ್ನು ರಾಜ್ಯಗಳಿಗೆ ವನ್ಯಜೀವಿ ಕೆಲಸಕ್ಕೆಂದೇ ಹಂಚುತ್ತಾರೆ. ನಾನು ಮಣ್ಣು ಅಗೆಯುವ ಹುಲ್ಲುಗಾವಲುಗಳಲ್ಲಿ ಒಂದು ಉಳಿದಿರುವುದೇ ಇಂಥ ದುಡ್ಡಿನಿಂದ. ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ.

ಪಕ್ಕದ ನ್ಯೂ ಮೆಕ್ಸಿಕೊದಲ್ಲಿ, ಮೇಲಿನ ಐಡಹೊದಲ್ಲಿ ಪಾಯಿಂಟೇ ಇಲ್ಲ. ಪ್ರತಿವರ್ಷ ಎಲ್ಲರ ಹೆಸರನ್ನೂ ಹೊಸದಾಗಿ ಡಬ್ಬಕ್ಕೆ ಹಾಕಿ ಎತ್ತುತ್ತಾರೆ. ಮೂವತ್ತು ವರ್ಷ ಕಾದವರಿಗೆ ಅಲ್ಲಿ ಅನ್ಯಾಯ ಅನ್ನಿಸಬಹುದು. ನಿನ್ನೆ ಬಂದ ನನಗೆ ಅದೇ ಸರಿ ಅನ್ನಿಸಿತ್ತು. ನನ್ನ ರೂಮ್‌ಮೇಟ್‌ಗೆ ಹೇಳಿದರೆ ಅವಳು ನಕ್ಕಳು. ಅವಳು ದಾವಣಗೆರೆಯವಳು. ಇಲ್ಲೇ ಮಾಸ್ಟರ್ಸ್ ಮುಗಿಸಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಅವಳದ್ದು ಎಚ್-1ಬಿ ವೀಸಾದ ಲಾಟರಿ. ವರ್ಷಕ್ಕೆ 85,000 ವೀಸಾ, ಅರ್ಜಿಗಳು ಅದರ ಎಷ್ಟೋ ಪಟ್ಟು. ಅದರಲ್ಲಿ ಪಾಯಿಂಟಿಲ್ಲ, ಹಳೆಯ ಸೋಲಿಗೆ ಬೆಲೆಯಿಲ್ಲ. "ನಿಂದು ಹೋದ್ರೆ ಮಾಂಸ ಹೋಗುತ್ತೆ ಕಣೇ. ನಂಗೆ ಎರಡು ಸಲ ಆಯ್ತು, ಒಂದು ಪಾಯಿಂಟಾದ್ರೂ ಕೊಡಬಾರದಾ ಇವರು?" ಅಂದಳು. ಶುದ್ಧ ಲಾಟರಿಯೇ ನ್ಯಾಯ ಎಂದು ಆಮೇಲೆ ನಾನು ಅವಳೆದುರು ಹೇಳಲಿಲ್ಲ.

ಎರಡನೇ ಆಯ್ಕೆಯ ಗುಟ್ಟು ಗೊತ್ತಾದದ್ದು ಮೂರನೇ ವರ್ಷ. ಅರ್ಜಿಯಲ್ಲಿ ನಾಲ್ಕು ಆಯ್ಕೆ ಬರೆಯಬಹುದು. ಮೊದಲ ಆಯ್ಕೆ ಸಿಕ್ಕರೆ ಮಾತ್ರ ಕೂಡಿಟ್ಟ ಪಾಯಿಂಟೆಲ್ಲ ಸೊನ್ನೆಯಾಗುತ್ತದೆ, ಉಳಿದವು ಸಿಕ್ಕರೆ ಪಾಯಿಂಟಿಗೆ ಧಕ್ಕೆಯಿಲ್ಲ. ಆದ್ದರಿಂದ ಬಲ್ಲವರು ಮೊದಲ ಆಯ್ಕೆಯಲ್ಲಿ ಕನಸನ್ನು ಬರೆದು, ಎರಡನೆಯದರಲ್ಲಿ ಯಾರಿಗೂ ಅಷ್ಟಾಗಿ ಬೇಡದ ಯೂನಿಟ್‌ನ ಹೆಣ್ಣು ಎಲ್ಕ್ ಕೇಳುತ್ತಾರೆ. ಹೆಣ್ಣಿಗೆ ಕೊಂಬಿಲ್ಲ, ಗೋಡೆಗೆ ತೂಗುಹಾಕಲು ಏನೂ ಇಲ್ಲ. ಮಾಂಸ ಮಾತ್ರ ಗಂಡಿಗಿಂತ ಮೆದು. ಅಲ್ಲೂ ಉಳಿದ ಟ್ಯಾಗುಗಳ ಪಟ್ಟಿ ಆಗಸ್ಟ್‌ನಲ್ಲಿ ಬರುತ್ತದೆ, ಮದುವೆ ಮನೆಯ ಕೊನೇ ಪಂಕ್ತಿಯ ಹಾಗೆ, ಹೋದವರಿಗೆ ಇದ್ದದ್ದು. ಆ ವರ್ಷ ನನಗೆ ಎರಡನೇ ಆಯ್ಕೆ ಸಿಕ್ಕಿತು. ಐದು ದಿನ ಬೆಳಗಿನ ನಾಲ್ಕಕ್ಕೆದ್ದು, ಮೈಮೇಲೆ ಕಿತ್ತಳೆ ಜಾಕೆಟ್ ಹಾಕಿ, ಎರವಲು ರೈಫಲ್ ಹೊತ್ತು ಒಂಬತ್ತು ಸಾವಿರ ಅಡಿ ಎತ್ತರದಲ್ಲಿ ಏದುಸಿರು ಬಿಟ್ಟೆ. ಹಿಕ್ಕೆ ಕಂಡೆ, ಹೆಜ್ಜೆ ಕಂಡೆ, ಒಮ್ಮೆ ಅವು ಮಲಗೆದ್ದ ಜಾಗದ ಬಿಸಿ ಹುಲ್ಲನ್ನೂ ಮುಟ್ಟಿದೆ. ಒಂದು ಎಲ್ಕಿನ ಬಾಲವೂ ಕಾಣಲಿಲ್ಲ.

ಅದಾದ ಮೇಲೆ ನಾನು ಮನಸ್ಸಿಟ್ಟದ್ದು ಸಣ್ಣ ಬೇಟೆಗೆ. ಅರ್ಜಿ ಹಾಕಲು ಹೇಗೂ ಕೊಳ್ಳಲೇಬೇಕಾಗಿದ್ದ ಆ ಮೂವತ್ತು ಚಿಲ್ಲರೆ ಡಾಲರಿನ ಲೈಸೆನ್ಸನ್ನು ಮೂರು ವರ್ಷ ನಾನು ಬರೀ ಪ್ರವೇಶಪತ್ರದಂತೆ ಬಳಸಿದ್ದೆ. ಅದರಲ್ಲಿ ಲಾಟರಿಯಿಲ್ಲ, ಸಾಲಿಲ್ಲ. ಮೊಲ, ಅಳಿಲು, ಗ್ರೌಸ್ ಎಲ್ಲಕ್ಕೂ ಅದೇ ಸಾಕು. ಸೆಪ್ಟೆಂಬರ್ 1ಕ್ಕೆ ಡಸ್ಕಿ ಗ್ರೌಸ್ ಶುರು. ನಮ್ಮ ಕಾಡುಕೋಳಿಗಿಂತ ದಪ್ಪ, ಬೂದುಬಣ್ಣದ ಹಕ್ಕಿ, ಆಸ್ಪೆನ್ ಮರಗಳು ಮುಗಿದು ದೇವದಾರುಗಳು ಶುರುವಾಗುವ ಅಂಚಿನಲ್ಲಿ ಹಣ್ಣು ಮೇಯುತ್ತಿರುತ್ತದೆ. ಮನುಷ್ಯರನ್ನು ಕಂಡರೆ ಕೊಂಬೆಗೆ ಹಾರಿ ಕೂತು ನಮ್ಮನ್ನೇ ನೋಡುತ್ತದೆ. ಇಲ್ಲಿಯವರು ಅದಕ್ಕೆ ಪೆದ್ದುಕೋಳಿ ಎಂಬರ್ಥದ ಹೆಸರಿಟ್ಟಿದ್ದಾರೆ. ದಿನಕ್ಕೆ ಮೂರರವರೆಗೆ ಹೊಡೆಯಬಹುದು. ನಾನು ಇಡೀ ಸೆಪ್ಟೆಂಬರ್‌ನಲ್ಲಿ ಹೊಡೆದದ್ದು ಒಂದು.

ಆ ಒಂದನ್ನು ಹೊಡೆದ ಮೇಲೆ ಕೈ ನಡುಗಿತು. ಶಿಕಾರಿ ಕತೆಗಳಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಹಕ್ಕಿ ಇನ್ನೂ ಬಿಸಿಯಿತ್ತು, ಚೀಲದಂಥ ಗಂಟಲಿನಲ್ಲಿ ಅದು ಬೆಳಗ್ಗೆ ತಿಂದ ಹಣ್ಣುಗಳು ಇಡಿಯಾಗಿಯೇ ಇದ್ದವು. ನಾನು ಬಂಡೆಯ ಮೇಲೆ ಕೂತು ಅವನ್ನು ಎಣಿಸಿದೆ, ಯಾಕೆಂದು ಗೊತ್ತಿಲ್ಲ. ಮನೆಗೆ ತಂದು ಧನಿಯ, ಕಾಳುಮೆಣಸು ಹುರಿದು, ಇಂಡಿಯನ್ ಅಂಗಡಿಯ ಫ್ರೀಜರಿನ ಕಾಯಿತುರಿ ಹಾಕಿ ಸಾರು ಮಾಡಿದೆ. ಅಕ್ಕಿತರಿಯಲ್ಲಿ ಕಡುಬು ಮಾಡಲು ಹೋಗಿ ಗಂಜಿಯಾಯಿತು. ರೂಮ್‌ಮೇಟ್ ಮಾಂಸ ತಿನ್ನುವವಳಲ್ಲ, ಇದ್ದಕ್ಕಿದ್ದಂತೆ "ಸಾರಿನ ನೀರು ಸ್ವಲ್ಪ ಹಾಕು" ಅಂದಳು. ಅಜ್ಜಿಗೆ ಫೋಟೊ ಕಳಿಸಿದೆ. "ಒಂದೇ ಹಕ್ಕಿಯಾ? ಪಾಲು ಹೆಂಗೆ ಹಾಕ್ತೀಯೇ?" ಎಂದು ವಾಯ್ಸ್ ಮೆಸೇಜ್ ಬಂತು.

ಹೋದ ಏಪ್ರಿಲ್‌ನಲ್ಲಿ ಲ್ಯಾಬ್ ಮ್ಯಾನೇಜರ್ ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಕೂತು ಅರ್ಜಿ ತುಂಬುತ್ತಿದ್ದ. ಒಂದು ಮೊಣಕಾಲಿಗೆ ಹಿಂದಿನ ವರ್ಷ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಡಾಕ್ಟರು ದಿನ ಕೊಟ್ಟಿದ್ದರು. ಅವನ ಮೊದಲ ಆಯ್ಕೆಯ ಜಾಗದಲ್ಲಿ ನಮ್ಮೂರಿನಿಂದ ಎರಡು ಗಂಟೆ ದೂರದ, ನಾನು ಬರೆದಂಥದೇ ಒಂದು ಯೂನಿಟ್‌ನ ಹೆಣ್ಣು ಎಲ್ಕ್ ಇತ್ತು. ತಪ್ಪಾಗಿ ಬರೆದಿದ್ದಾನೆ ಎಂದುಕೊಂಡು ತೋರಿಸಿದೆ. ಇದನ್ನು ಮೊದಲು ಬರೆದರೆ ಇಪ್ಪತ್ತೆರಡು ಪಾಯಿಂಟೂ ಹೋಗುತ್ತದಲ್ಲ!

"ಗೊತ್ತು" ಅಂದ. "ಆ ಯೂನಿಟ್‌ನಲ್ಲಿ ದಾರಿಯ ಹತ್ತಿರವೇ ಇಳಿಯುತ್ತವೆ. ನನಗೆ ನಡೆಯಲು ಆಗುವುದು ಅಷ್ಟೇ."

"ಎರಡನೇ ಆಯ್ಕೆಯಲ್ಲಿ ಹಾಕಿದರೂ ಸಿಗಬಹುದಲ್ಲ?"

"ಸಿಗಬಹುದು. ಸಿಗದೆಯೂ ಇರಬಹುದು. ಈ ವರ್ಷ ಹೋಗಬೇಕು ನನಗೆ." ಎಂದು ಬಟನ್ ಒತ್ತಿಯೇಬಿಟ್ಟ. ಅವನು ಎದ್ದುಹೋದ ಮೇಲೂ ನಾನು ಆ ಪರದೆಯನ್ನು ನೋಡುತ್ತಲೇ ಇದ್ದೆ. ಅದೇ ವಾರ ರೂಮ್‌ಮೇಟ್‌ಗೆ ಮೂರನೇ ಸಲವೂ ವೀಸಾ ಲಾಟರಿ ಬಂದಿಲ್ಲವೆಂದು ಕಂಪನಿಯ ವಕೀಲರು ತಿಳಿಸಿದ್ದರು.

ನವೆಂಬರ್‌ನ ಎರಡನೇ ದಿನದ ಬೇಟೆಯಲ್ಲಿ, ಬೆಳಕು ಹರಿದ ಅರ್ಧ ಗಂಟೆಗೆ, ದಾರಿಯಿಂದ ಒಂದು ಮೈಲಿಯೂ ಆಗದ ಇಳಿಜಾರಿನಲ್ಲಿ ಅವನು ಹೆಣ್ಣು ಎಲ್ಕ್ ಒಂದನ್ನು ಹೊಡೆದ. ನನ್ನ ಟ್ಯಾಗ್ ಆ ವರ್ಷ ಬಂದಿರಲಿಲ್ಲ. ನಾನು ಹೋದದ್ದು ಹೊರಲು. ಹಿಮದ ಮೇಲೆ ಕೂತು ಚರ್ಮ ಸುಲಿದು, ಕಾಲುಗಳನ್ನು ಬಿಡಿಸಿ, ಬಟ್ಟೆಯ ಚೀಲಗಳಿಗೆ ತುಂಬಿ, ನಾಲ್ಕು ಸಲ ಹತ್ತಿ ಇಳಿದೆ. ಮೊದಲ ಸಲ ಅವನೂ ಒಂದು ಚೀಲ ಹೊತ್ತ, ಆಮೇಲೆ ಟ್ರಕ್ಕಿನ ಬಾಗಿಲಿಗೆ ಒರಗಿ ಕೂತುಬಿಟ್ಟ. ತಲೆಯನ್ನು ಪರೀಕ್ಷೆಗೆ ಕೊಟ್ಟು ಬಂದೆವು. ಜಿಂಕೆಗಳ ಮಿದುಳನ್ನು ತಿನ್ನುವ ಒಂದು ಕ್ಷಯದಂಥ ರೋಗವಿದೆ, 1967ರಲ್ಲಿ ಅದನ್ನು ಜಗತ್ತಿನಲ್ಲೇ ಮೊದಲು ಗುರುತಿಸಿದ್ದು ಇದೇ ಫೋರ್ಟ್ ಕಾಲಿನ್ಸ್‌ನ ಜಿಂಕೆಗಳಲ್ಲಿ. ರೋಗವಿಲ್ಲ ಎಂದು ಫಲಿತಾಂಶ ಬರುವವರೆಗೆ ಮಾಂಸ ಮುಟ್ಟುವಂತಿಲ್ಲ. ಮತ್ತೊಮ್ಮೆ ಫೋನ್ ನೋಡುತ್ತ ಕೂರುವ ಕೆಲಸ. ಈ ಸಲ ಒಳ್ಳೆಯ ಸುದ್ದಿಯೇ ಬಂತು.

ಅವನ ಗ್ಯಾರೇಜಿನ ಮೇಜಿನ ಮೇಲೆ ಇಬ್ಬರೂ ಕೂತು ಕೊಯ್ದು, ಬಿಳಿ ಕಾಗದದಲ್ಲಿ ಸುತ್ತಿ ಪೊಟ್ಟಣ ಮಾಡಿದೆವು. ನಾನು ಒಂದೆರಡು ಪೊಟ್ಟಣ ಕೊಡುತ್ತಾನೆಂದು ನಿರೀಕ್ಷಿಸಿದ್ದೆ. ಅವನು ಎರಡು ಸಮ ರಾಶಿ ಮಾಡಿದ. ನಾನು ಬೇಡವೆಂದರೆ, "ಹೊತ್ತದ್ದು ನೀನಲ್ಲವಾ?" ಅಂದ. ನಮ್ಮ ಅಪಾರ್ಟ್‌ಮೆಂಟಿನ ಫ್ರೀಜರ್‌ನಲ್ಲಿ ಅಷ್ಟು ಹಿಡಿಯುವುದಿಲ್ಲವೆಂದು ಅರ್ಧ ಅವನ ಮನೆಯಲ್ಲೇ ಬಿಟ್ಟು ಬಂದೆ.

ರೂಮ್‌ಮೇಟ್‌ನ ಕೆಲಸದ ಅನುಮತಿ ಜನವರಿಗೆ ಮುಗಿಯಿತು. ಹೊರಡುವ ಹಿಂದಿನ ರಾತ್ರಿ ಎರಡು ಸೂಟ್‌ಕೇಸ್‌ಗಳನ್ನು ಸ್ನಾನದ ಮನೆಯ ತಕ್ಕಡಿಯ ಮೇಲೆ ಹತ್ತು ಸಲ ತೂಗಿದ್ದಳು. ನಾನು ಪಲ್ಯಕ್ಕೆ ಹೆಚ್ಚುತ್ತಿದ್ದೆ. ಪಕ್ಕದ ಒಲೆಯಲ್ಲಿ ಎಲ್ಕ್ ಸಾರು ಕುದಿಯುತ್ತಿತ್ತು, ಅವತ್ತು ರಾತ್ರಿ ಲ್ಯಾಬಿನವರನ್ನೂ ಊಟಕ್ಕೆ ಕರೆದಿದ್ದೆವು. ಅಷ್ಟರಲ್ಲಿ ಅಜ್ಜಿಯ ವಿಡಿಯೊ ಕಾಲ್ ಬಂತು. ಫೋನನ್ನು ಸಾರಿನ ಪಾತ್ರೆಯ ಮೇಲೆ ಹಿಡಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಎಷ್ಟು ಜನ?"

"ಏಳು ಜನ ಅಜ್ಜಿ. ಇವಳು ತಿನ್ನಲ್ಲ, ಆರು."

"ತಿನ್ನದಿದ್ರೂ ಅವಳ ಪಾಲು ಎತ್ತಿಡು" ಅಂದಳು ಅಜ್ಜಿ.

ರೂಮ್‌ಮೇಟ್ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಳು. "ಏನಂತೆ ಅಜ್ಜಿದು?" ಅಂತ ಕೇಳಿದಳು. ಹೇಳಿದೆ. "ಸಾರಿನ ನೀರು ಸಾಕು" ಅಂದು ಮತ್ತೆ ಜಿಪ್ ಎಳೆಯತೊಡಗಿದಳು, ಅದು ಅರ್ಧಕ್ಕೆ ಬಂದು ನಿಂತಿತ್ತು. ನಾನು ಕೈ ಒರೆಸಿಕೊಂಡು ಹೋಗಿ ಇನ್ನೊಂದು ತುದಿಯನ್ನು ಒತ್ತಿ ಹಿಡಿದೆ.